ಮಾತಿಲ್ಲದ ನಾಯಕ: ಚೆಕ್ ದೇಶದ ‘ಕೃತೆಕ್’ ಚಿತ್ರಮಾಲೆಯ ರಸವಿಚಾರ

ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತರೆಂದು ನಾಯಕರು ನಾಲ್ಕು ಬಗೆಯವರೆಂಬುದು ಲಾಕ್ಷಣಿಕರ ಮತ. ಈ ಯಾವ ಪಂಕ್ತಿಗೂ ಸಲ್ಲದ, ಮಾತೇ ಆಡದ ಒಂದು ಪುಟ್ಟ ಪ್ರಾಣಿಯನ್ನು ನಾಯಕನೆನ್ನಬಹುದೆ, ಅದರ ಚೇಷ್ಟೆಗಳಲ್ಲಿ ರಸವುಂಟೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿರುವೆನು. ಮಕ್ಕಳ ವಿನೋದವನ್ನು ಶಾಸ್ತ್ರದ ತಕ್ಕಡಿಯಲ್ಲಿ ತೂಗುವುದೇಕೆಂದು ಕೆಲವರು ನಗಬಹುದು. ಇಂದಿನ ಮಕ್ಕಳಲ್ಲಿ ಅನೇಕರು ಮೊದಲು ಕಾಣುವ ದೃಶ್ಯಕಾವ್ಯವು ಇಂತಹುದೇ ಆದುದರಿಂದ, ಅದರ ಗುಣದೋಷಗಳ ಪರಿಶೀಲನೆಯು ಅಧ್ಯಾಪಕರಾದ ನಮಗೆ ಅನಾವಶ್ಯಕವೆಂದು ತೋರದು.

ಪ್ರಕೃತ ವಸ್ತುವು ಜ್ದೆನ್ಯೆಕ್ ಮಿಲೆರ್ (1921–2011) ಎಂಬ ಚೆಕ್ ಚಿತ್ರಕಾರನು ರಚಿಸಿದ ಚಲಿಸುವ ಚಿತ್ರಗಳ ಮಾಲೆ. ಇದರ ನಾಯಕನು ನೆಲದಡಿಯಲ್ಲಿ ಬಿಲ ತೋಡಿ ಮೇಲೆ ಮಣ್ಣಿನ ಗುಪ್ಪೆಯನ್ನೆಬ್ಬಿಸುವ ‘ಮೋಲ್’ ಎಂಬ ಪ್ರಾಣಿ. ನಮ್ಮ ದಕ್ಷಿಣದೇಶದಲ್ಲಿ ಇದು ಇಲ್ಲ. ಇದರ ಚೆಕ್ ಹೆಸರಿನ ಆದ್ಯಕ್ಷರದಲ್ಲಿ ರೇಫವೇ ಸ್ವರವಾಗಿ ನಿಲ್ಲುವುದರಿಂದ, ನಮ್ಮ ಋಕಾರವನ್ನು ಬಳಸಿ ‘ಕೃತೆಕ್’ ಎಂದು ಬರೆಯುವುದು ಯುಕ್ತ. 1957ರಿಂದ 2002ರವರೆಗೆ ಸುಮಾರು 50 ಚಿತ್ರಗಳು ಹೊರಬಂದುವು.

ಮೊದಲನೆಯ ಚಿತ್ರವು ಅಗಸೆಯ ನಾರಿನಿಂದ ಬಟ್ಟೆಯಾಗುವ ಕ್ರಮವನ್ನು ಮಕ್ಕಳಿಗೆ ತಿಳಿಸಲೆಂದು ಹುಟ್ಟಿತು. ಕೃತೆಕನಿಗೆ ಜೇಬುಗಳುಳ್ಳ ಚಡ್ಡಿ ಬೇಕು. ಕೊಕ್ಕರೆ ಅಗಸೆಯ ಕಡ್ಡಿಯನ್ನು ಮುರಿಯುವುದು, ಮುಳ್ಳುಹಂದಿ ನಾರನ್ನು ಬಾಚುವುದು, ಜೇಡಗಳು ನೂಲುವುವು, ಇರುವೆಗಳು ನೇಯುವುವು. ಕೊನೆಗೆ ಚಡ್ಡಿ ಸಿದ್ಧವಾಗುವುದು. ಈ ಚಿತ್ರದಲ್ಲಿ ಮಾತು ಉಂಟು. ಆಮೇಲಿನವುಗಳಲ್ಲಿ, ಎಲ್ಲ ದೇಶದವರಿಗೂ ಅರ್ಥವಾಗಲೆಂದು ಮಿಲೆರನು ಮಾತನ್ನು ತೆಗೆದುಹಾಕಿ, ತನ್ನ ಹೆಣ್ಣುಮಕ್ಕಳ ಕಂಠದಿಂದ ನಗೆ ಮತ್ತು ಉದ್ಗಾರಗಳನ್ನು ಮಾತ್ರ ಇರಿಸಿಕೊಂಡನು. ವಾಚಿಕಾಭಿನಯದ ಈ ತ್ಯಾಗವೇ ಮಾಲೆಯ ಗುಣಕ್ಕೆ ಮೂಲವೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಪೂರ್ವಪಕ್ಷವೊಂದುಂಟು. ತಿರ್ಯಗ್ಜಂತುಗಳ ಶೃಂಗಾರವನ್ನು ರಸಾಭಾಸವೆಂದು ಆಲಂಕಾರಿಕರು ಹೇಳಿರುವರಾದುದರಿಂದ ಪ್ರಾಣಿಯಲ್ಲಿ ರಸವನ್ನು ಹುಡುಕುವುದು ವ್ಯರ್ಥವೆಂದು ಆಕ್ಷೇಪಿಸಬಹುದು. ಆ ನಿಷೇಧವು ರತಿಗೆ ಸಂಬಂಧಿಸಿದುದು. ಅದನ್ನು ಉಳಿದ ಭಾವಗಳಿಗೆಲ್ಲ ಎಳೆಯುವುದು ಸಲ್ಲದು. ರಸಪ್ರತೀತಿಯ ಬಗೆಯನ್ನು ವಿವರಿಸುವಲ್ಲಿ ಅಭಿನವಗುಪ್ತನು ಶಾಕುಂತಲದ ಮೊದಲನೆಯ ಅಂಕದಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನೇ ಭಯಾನಕಕ್ಕೆ ಉದಾಹರಿಸಿರುವನು. ಆ ಜಿಂಕೆ ಒಂದು ಮಾತನ್ನೂ ಆಡದು. ಅದರ ಕತ್ತಿನ ತಿರುವು ಸಾಕಾಯಿತು. ಭಯಕ್ಕೆ ಒಪ್ಪಿದ ನ್ಯಾಯವು ವಿಸ್ಮಯಕ್ಕೂ ಒಪ್ಪಲೇಬೇಕು.

ನಮ್ಮ ಪಂಚತಂತ್ರದ ಪ್ರಾಣಿಗಳನ್ನು ಇದಕ್ಕೆ ಹೋಲಿಸಿ ನೋಡಬಹುದು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಆ ಕಥೆಗಳಲ್ಲಿ ಕರಟಕ ದಮನಕರು ನರಿಗಳೆಂಬುದು ಹೆಸರಿಗೆ ಮಾತ್ರ. ಅವರ ಬಾಯಲ್ಲಿ ನುಡಿಯುವುದು ರಾಜನೀತಿ. ಅದು ಆ ಗ್ರಂಥದ ಉದ್ದೇಶವೇ ಆದುದರಿಂದ ದೋಷವಲ್ಲ. ಕೃತೆಕನಿಗಾದರೋ ನೀತಿಯನ್ನು ಹೇಳಲು ನಾಲಗೆಯೇ ಇಲ್ಲ. ಹೇಳಲಾರದವನು ಮಾಡಿ ತೋರಿಸಬೇಕು. ನೋಡುವ ಮಗು ತಾನೇ ಗ್ರಹಿಸಬೇಕು. ವಾಚ್ಯವಾಗಿದ್ದ ನೀತಿಯು ಇಲ್ಲಿ ಧ್ವನಿಯಾಯಿತು.

ಇನ್ನು ಸ್ಥಾಯಿಭಾವದ ವಿಚಾರ. ಔತ್ಸುಕ್ಯವನ್ನು ಭರತನು 33 ವ್ಯಭಿಚಾರಿಭಾವಗಳಲ್ಲಿ ಸೇರಿಸಿದನು. ಕುತೂಹಲವನ್ನು ಸಾಹಿತ್ಯದರ್ಪಣಕಾರನು ನಾಯಿಕೆಯ ಅಲಂಕಾರಗಳಲ್ಲಿ ಎಣಿಸಿದನು. ಕ್ಷಣಕಾಲ ಮಿಂಚಿ ಮರೆಯಾಗತಕ್ಕ ಈ ಭಾವವು ಕೃತೆಕನಲ್ಲಿ ನೆಲೆಯಾಗಿ ನಿಂತು, ವಿಸ್ಮಯವೆಂಬ ಸ್ಥಾಯಿಯನ್ನು ಪೋಷಿಸುವುದು. ಮೋಲ್ ಪ್ರಾಣಿಯ ನಿಜವಾದ ಕಣ್ಣುಗಳು ಅತ್ಯಲ್ಪ, ದೃಷ್ಟಿಯೂ ಮಂದ. ಚಿತ್ರಕಾರನು ಅದಕ್ಕೇ ಅರಳಿದ ಕಣ್ಣುಗಳನ್ನು ಕೊಟ್ಟಿರುವುದು ಔಚಿತ್ಯವನ್ನರಿತೇ ಎನ್ನಬೇಕು. ಕತ್ತಲೆಯಿಂದ ಮೇಲೆದ್ದು ಬಂದವನಿಗೆ ಲೋಕವೆಲ್ಲ ಹೊಸದು. ಆದರೂ ಕಂಡುದನ್ನು ಕಸಿಯುವ ಚಾಪಲ್ಯ ಅವನಲ್ಲಿಲ್ಲ. ಒಂದು ಚಿತ್ರದಲ್ಲಿ ಹೊಳೆಯುವ ಹಸುರು ಕಲ್ಲೊಂದು ಸಿಕ್ಕಾಗ, ಅದು ಆಕಾಶದಿಂದ ಬಿದ್ದ ನಕ್ಷತ್ರವೆಂದು ಬಗೆದು, ಮರಳಿ ಅಲ್ಲಿಗೆ ಸೇರಿಸಲು ಬಗೆಬಗೆಯಾಗಿ ಹೆಣಗುವನು. ತಿಳಿಯಬೇಕೆಂಬ ಆಸೆಯುಂಟು, ತನ್ನದಾಗಬೇಕೆಂಬ ಆಸೆಯಿಲ್ಲ. ಅವನ ಸೌಮ್ಯತೆಯ ತಿರುಳು ಇಷ್ಟೆ.

ಈ ಸೌಮ್ಯತೆಗೆ ನಿಜವಾದ ಪರೀಕ್ಷೆ 1982ರ ‘ನಗರದಲ್ಲಿ ಕೃತೆಕ್’ ಎಂಬ ಚಿತ್ರದಲ್ಲಿ ಬರುವುದು. ಕಾಡನ್ನು ಕಡಿದು ಅಲ್ಲಿ ಪಟ್ಟಣವನ್ನೆಬ್ಬಿಸುವರು. ಕೃತೆಕ, ಮೊಲ, ಮುಳ್ಳುಹಂದಿಗಳು ನೆಲೆಗೆಡುವುವು. ಉದ್ಧತನಾಯಕನಾದರೆ ಇಲ್ಲಿ ಗರ್ಜಿಸಬೇಕಾಗಿತ್ತು. ನಮ್ಮ ನಾಯಕನು ಬೆರಗಾಗಿ ನೋಡುವನು, ಅಷ್ಟೆ. ನಮ್ಮ ಮನೆಯ ಐದು ವರ್ಷದ ಮೊಮ್ಮಗಳು ಇದನ್ನು ನೋಡುತ್ತ ಸುಮ್ಮನಾಗಿ, ‘ತಾತ, ಅವರು ಮರ ಕಡಿಯುವ ಮೊದಲು ಇವನನ್ನು ಯಾಕೆ ಕೇಳಲಿಲ್ಲ?’ ಎಂದಳು. ಚಿತ್ರದಲ್ಲಿ ಯಾರೂ ಆಡದ ಮಾತು ಅದು. ವಿಸ್ಮಯವು ಕರುಣಕ್ಕೆ ತಿರುಗಿದುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ನನಗೆ ಬೇಕಾಗಲಿಲ್ಲ. ಸಹೃದಯತ್ವಕ್ಕೆ ವಯಸ್ಸು ಕಾರಣವಲ್ಲವೆಂಬುದೂ ಇದರಿಂದ ವಿದಿತವಾಯಿತು.

ದೋಷಗಳನ್ನೂ ಹೇಳದೆ ಬಿಡಬಾರದು. ಕೆಲವು ಕಿರುಚಿತ್ರಗಳಲ್ಲಿ ಕುತೂಹಲವು ಹಾಸ್ಯದ ನೆಪವಾಗಿ ಉಳಿಯುವುದು. ಒಂದೇ ನಗೆ ಮತ್ತೆ ಮತ್ತೆ ಬಂದು ಪುನರುಕ್ತವೆನಿಸುವುದು. ಮಾತಿನ ಕೆಲಸವನ್ನು ಸಂಗೀತವು ಅತಿಯಾಗಿ ವಹಿಸಿದೆಡೆಗಳಲ್ಲಿ ಧ್ವನಿಯು ಮತ್ತೆ ವಾಚ್ಯಕ್ಕೆ ಇಳಿಯುವುದು. ಐವತ್ತು ಚಿತ್ರಗಳೂ ಸಮಾನವೆಂದು ಹೇಳುವುದು ವಿಮರ್ಶೆಯಾಗದು.

ಇಷ್ಟಾದರೂ ಸಿದ್ಧಾಂತಕ್ಕೆ ಬಾಧಕವಿಲ್ಲ. ನಾಯಕನ ನಾಲ್ಕು ಭೇದಗಳಿಗೂ ‘ಧೀರ’ ಎಂಬ ಪದವು ಸಾಧಾರಣವಾಗಿದೆ. ಅಪರಿಚಿತವಾದುದರ ಮುಂದೆ ಓಡಿಹೋಗದೆ, ಅದನ್ನು ಹೊಡೆಯದೆ, ಹತ್ತಿರ ಹೋಗಿ ನೋಡುವುದು ಧೈರ್ಯವಲ್ಲವಾದರೆ ಮತ್ತಾವುದು ಧೈರ್ಯ? ಶಾಲೆಯಲ್ಲಿ ನಾಯಕಲಕ್ಷಣವನ್ನು ಪಾಠ ಹೇಳುವಾಗ ದುಷ್ಯಂತ ರಾಮರ ಪಕ್ಕದಲ್ಲಿ ಈ ಪುಟ್ಟವನಿಗೂ ಒಂದು ಮಣೆ ಹಾಕಬಹುದೆಂದು ವಿದ್ವಾಂಸರಲ್ಲಿ ವಿಜ್ಞಾಪಿಸುವೆನು.