ಕಾವು ಮರೆಯದ ಹೇಂಟೆ

ಹಿತ್ತಲ ಕೋಳಿ ಸಾಕಣೆಯಲ್ಲಿ ತಳಿಯ ಆಯ್ಕೆ, ಮೇವು, ಗೂಡಿನ ಅಳತೆ ಇವೆಲ್ಲ ಪುಸ್ತಕ ನೋಡಿ ಕಲಿಯಬಹುದಾದವು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ವಿದ್ಯೆ ಮಾತ್ರ ಊರಿನ ಹವೆಯನ್ನು ಬಲ್ಲವರಿಗಲ್ಲದೆ ಒಲಿಯುವುದಿಲ್ಲ. ಮಲೆನಾಡಿನ ಮಳೆಯೂ ಬಯಲುಸೀಮೆಯ ಬಿಸಿಲೂ ಸಂಧಿಸುವ ಅಂಚಿನಲ್ಲಿರುವ ಶಿವಮೊಗ್ಗ ಮತ್ತು ಭದ್ರಾವತಿಗಳಲ್ಲಿ ಇದು ಇನ್ನಷ್ಟು ನಿಜ, ಏಕೆಂದರೆ ಏಪ್ರಿಲ್‌ನಲ್ಲಿ ಹುಂಜವನ್ನೇ ಬಸವಳಿಸಿ ಮೊಟ್ಟೆಯ ಫಲವಂತಿಕೆಯನ್ನು ತಗ್ಗಿಸುವ ಸೆಕೆ ಇಲ್ಲಿದೆ, ಜುಲೈನಲ್ಲಿ ಹೊಟ್ಟಿನ ಹಾಸನ್ನು ಒಣಗಲು ಬಿಡದ ಥಂಡಿಯೂ ಇದೆ.

ಈ ಭಾಗದ ಹಿತ್ತಲುಗಳಲ್ಲಿ ನಾಟಿ ಕೋಳಿಯ ಜೊತೆಗೆ ಹೆಚ್ಚಾಗಿ ಕಾಣುವುದು ಗಿರಿರಾಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೆಬ್ಬಾಳದಲ್ಲಿ ಹಳ್ಳಿಯ ಸಾಕಣೆಗೆಂದೇ ರೂಪಿಸಿದ ಈ ತಳಿಯ ಹೇಂಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ನಾಟಿ ಹೇಂಟೆಯದು ಐವತ್ತು ಅರವತ್ತರ ಲೆಕ್ಕ. ಆದರೆ ಹೆಚ್ಚು ಮೊಟ್ಟೆ ಇಡುವ ಹೇಂಟೆಗೆ ಕಾವಿಗೆ ಕೂರುವ ಗುಣ ಉಳಿದಿರುವುದಿಲ್ಲ. ಕಾವಿಗೆ ಕೂರುವುದೆಂದರೆ ಮೊಟ್ಟೆ ಇಡುವುದನ್ನು ನಿಲ್ಲಿಸಿ, ಎದೆಯಡಿಯ ಗರಿ ಕಳೆದುಕೊಂಡು, ಆ ಬರಿಯ ಬೆಚ್ಚನೆಯ ಚರ್ಮವನ್ನು ಮೊಟ್ಟೆಗೆ ತಾಗಿಸಿ 21 ದಿನ ಗೂಡು ಹಿಡಿಯುವುದು. ಪ್ರೊಲ್ಯಾಕ್ಟಿನ್ ಎಂಬ ಚೋದಕರಸ ಏರಿದಾಗ ಕಾವು ಬರುತ್ತದೆ, ಮೊಟ್ಟೆ ನಿಲ್ಲುತ್ತದೆ. ಆದ್ದರಿಂದಲೇ ಮೊಟ್ಟೆಯ ಲೆಕ್ಕ ನೋಡಿ ಆರಿಸುತ್ತ ಬಂದ ತಳಿಗಾರರು ತಲೆಮಾರಿನಿಂದ ತಲೆಮಾರಿಗೆ ಕಾವನ್ನೇ ಕಳೆಯುತ್ತ ಬಂದಂತಾಯಿತು. ಹಿತ್ತಲಲ್ಲಿ ಎಷ್ಟು ಗಿರಿರಾಜ ಇದ್ದರೂ ಕಾವಿಗೆ ಕೂರುವ ಒಂದು ನಾಟಿ ಹೇಂಟೆಯನ್ನು ಉಳಿಸಿಕೊಂಡ ಮನೆಯೇ ಜಾಣರ ಮನೆ.

ನಾಟಿ ಹೇಂಟೆಯ ಈ ಗುಣ ಕಾಡಿನಿಂದ ಬಂದದ್ದು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ, ಸಾಕುಕೋಳಿಯ ಹಳದಿ ಕಾಲಿನ ಬಣ್ಣ ಬೂದು ಕಾಡುಕೋಳಿಯಿಂದ ಸೇರಿದ್ದೆಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಆ ಬೂದು ಕಾಡುಕೋಳಿ ಶಿವಮೊಗ್ಗದ ಪಕ್ಕದ ಶೆಟ್ಟಿಹಳ್ಳಿ ಕಾಡಿನಲ್ಲಿಯೂ ಭದ್ರಾವತಿಯ ಆಚೆಗಿನ ಭದ್ರಾ ಅಭಯಾರಣ್ಯದಲ್ಲಿಯೂ ಇಂದಿಗೂ ಕೂಗುತ್ತದೆ. ಹಿತ್ತಲಲ್ಲಿ ಕೆದಕುವ ಹೇಂಟೆಯ ಹಳದಿ ಕಾಲು ದಕ್ಷಿಣ ಭಾರತದ ಈ ಕಾಡಿನ ನಂಟನ್ನು ಹೊತ್ತಿದೆ ಎಂಬುದು ಸಾಕುವವರಿಗೆ ಸಣ್ಣ ಸಂತೋಷವಲ್ಲ.

ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಅದನ್ನು ತೊಳೆಯಬಾರದು, ಚೂಪು ತುದಿ ಕೆಳಗಾಗಿರುವಂತೆ ತಂಪಾದ ಜಾಗದಲ್ಲಿ ಇಟ್ಟಿರಬೇಕು. ಹಳೆಯ ಬುಟ್ಟಿಯ ತಳಕ್ಕೆ ಮರಳು, ಒಲೆಯ ಬೂದಿ, ಅದರ ಮೇಲೆ ಒಣ ಭತ್ತದ ಹುಲ್ಲು ಹಾಸಿ, ಹೇಂಟೆಯ ಮೈಗಾತ್ರ ನೋಡಿ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ ಸಾಕು. ಬೂದಿ ಹೇನನ್ನು ತಡೆಯುತ್ತದೆ. ಏಳನೆಯ ರಾತ್ರಿ ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದರೆ, ಫಲಿತ ಮೊಟ್ಟೆಯೊಳಗೆ ಒಂದು ಕಪ್ಪು ಚುಕ್ಕೆಯೂ ಅದರ ಸುತ್ತ ಜೇಡನ ಕಾಲುಗಳಂತೆ ಹರಡಿದ ಕೆಂಪು ನರಗಳೂ ಕಾಣುತ್ತವೆ, ಕೆಲವೊಮ್ಮೆ ಆ ಚುಕ್ಕೆ ಮಿಸುಕುವುದೂ ಕಾಣುತ್ತದೆ. ಫಲಿಸದ ಮೊಟ್ಟೆ ಬರಿದೇ ಹಳದಿಯಾಗಿ ಬೆಳಗುತ್ತದೆ, ಅದನ್ನು ತೆಗೆದಿಡಬೇಕು.

ಯಂತ್ರದಲ್ಲಿ ಮರಿ ಮಾಡುವವರು 37.5 ಡಿಗ್ರಿ ಸೆಲ್ಸಿಯಸ್ ಶಾಖದ ಮೇಲೆ ಕಣ್ಣಿಟ್ಟು ತೇವವನ್ನು ಮರೆಯುತ್ತಾರೆ. ಮಳೆಗಾಲದ ಶಿವಮೊಗ್ಗದಲ್ಲಿ ಸೋಲು ಬರುವುದು ಬಹುಪಾಲು ಅಲ್ಲಿಂದಲೇ. ಮೊಟ್ಟೆಯ ಚಿಪ್ಪು ಸಣ್ಣ ರಂಧ್ರಗಳಿಂದ ಕೂಡಿದ್ದು, ಅವುಗಳ ಮೂಲಕ ನೀರಿನಂಶ ಆರುತ್ತ ಹೋದಂತೆ ದಪ್ಪ ತುದಿಯಲ್ಲಿ ಗಾಳಿಚೀಲ ದೊಡ್ಡದಾಗುತ್ತದೆ. ಚಿಪ್ಪೊಡೆಯುವ ಮೊದಲು ಮರಿ ತನ್ನ ಮೊದಲ ಉಸಿರನ್ನು ಎಳೆಯುವುದು ಆ ಚೀಲದಿಂದಲೇ. ಇಟ್ಟಾಗ 40 ಗ್ರಾಂ ತೂಗಿದ ನಾಟಿ ಮೊಟ್ಟೆ ಹದಿನೆಂಟನೆಯ ದಿನಕ್ಕೆ ಸುಮಾರು 35 ಗ್ರಾಂಗೆ ಇಳಿದಿರಬೇಕು. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಯಂತ್ರದ ತಟ್ಟೆಗೂ ನೀರು ತುಂಬಿದರೆ ಮೊಟ್ಟೆ ಆರದೆ ಗಾಳಿಚೀಲ ಕಿರಿದಾಗಿಯೇ ಉಳಿದು, ಪೂರ್ತಿ ಬೆಳೆದ ಮರಿ ಒಡೆಯುವ ಹೊತ್ತಿಗೆ ಒಳಗೇ ಸಾಯುತ್ತದೆ. ಜುಲೈನಲ್ಲಿ ಮೊದಲ ಹದಿನೆಂಟು ದಿನ ತಟ್ಟೆ ಬಹುಮಟ್ಟಿಗೆ ಒಣಗಿದ್ದರೇ ಲೇಸು, ಫೆಬ್ರವರಿಯ ಒಣಹವೆಯಲ್ಲಿ ಅದೇ ತಟ್ಟೆಗೆ ನೀರು ಬೇಕು. ಕೊನೆಯ ಮೂರು ದಿನ ಮಾತ್ರ ಎಲ್ಲ ಕಾಲದಲ್ಲಿಯೂ ತೇವವನ್ನು ಶೇ 65ರ ಮೇಲಕ್ಕೆ ಏರಿಸಿ, ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಬೇಕು. ಕರೆಂಟು ಒಂದು ಗಂಟೆ ಹೋದರೆ ಗಾಬರಿಯಾಗಬೇಕಿಲ್ಲ. ಹೇಂಟೆಯೂ ದಿನಕ್ಕೊಮ್ಮೆ ಗೂಡು ಬಿಟ್ಟು ಕಾಳು, ನೀರು, ಮಣ್ಣುಸ್ನಾನ ಮುಗಿಸಿ ಬರುತ್ತದೆ. ಮೊಟ್ಟೆ ಸ್ವಲ್ಪ ತಣಿಯುವುದನ್ನು ತಾಳುತ್ತದೆ, ಅತಿಶಾಖವನ್ನು ತಾಳುವುದಿಲ್ಲ.

ಚಿಪ್ಪಿನಲ್ಲಿ ಮೊದಲ ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಕರುಣೆಯಿಂದ ಚಿಪ್ಪು ಸುಲಿಯುವ ಕೈಯೇ ಮರಿಗೆ ಕಂಟಕ, ಏಕೆಂದರೆ ಒಳಪೊರೆಯ ರಕ್ತನಾಳಗಳು ಆರಿ, ಹಳದಿ ಲೋಳೆ ಹೊಟ್ಟೆಯೊಳಕ್ಕೆ ಪೂರ್ತಿ ಸೇರುವವರೆಗೆ ಮರಿ ಹೊರಬರಲು ಸಿದ್ಧವಾಗಿರುವುದಿಲ್ಲ. ಆ ಲೋಳೆಯ ಬಲದಿಂದಲೇ ಅದು ಎರಡು ದಿನ ಮೇವಿಲ್ಲದೆ ಇರಬಲ್ಲದು. ಮೊದಲ ವಾರದ ಕೊನೆಗೆ ರಾಣಿಖೇತ್ ರೋಗದ, ಅಂದರೆ ಉಸಿರುಕಟ್ಟಿಸಿ ಕತ್ತು ತಿರುಚುವ ಕೊಕ್ಕರೆ ರೋಗದ, ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಹಾಕಿಸಬೇಕು. ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದು. ದೀಪಾವಳಿ ಕಳೆದು, ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಕಾವಿಗಿಟ್ಟ ಮೊಟ್ಟೆಗಳ ಮರಿಗಳು ಮುಂದಿನ ಮುಂಗಾರಿನ ಥಂಡಿ ಬರುವ ಮೊದಲೇ ಗರಿ ಬಲಿತು ನಿಲ್ಲುವುದರಿಂದ, ಈ ಎರಡೂ ಊರುಗಳಿಗೆ ಹೊಂದುವ ಕಾಲ ಅದೇ.