ಫೈಲಿಲ್ಲದೆ ಕಾರವಾರಕ್ಕೆ

ಮೇ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆ. ಮಳೆಗಾಲದಲ್ಲಿ ಜಲಪಾತ ಕೇಳುವವರು, ಚಳಿಯಲ್ಲಿ ಜಾತ್ರೆ ಕೇಳುವವರು ಎಲ್ಲರೂ ಈಗ ಕೇಳುವುದು ಒಂದನ್ನೇ: ಇಬ್ಬರೇ ಹೋಗಿಬರಬೇಕು, ಮೂರು ದಿನ ರಜೆ, ಸಮುದ್ರ ಇರಬೇಕು, ಹಳೇ ಕಾಲದ ಊರಾಗಿರಬೇಕು, ಗೋವಾ ಮಾತ್ರ ಬೇಡ. ಈ ಸಲ ಹಳಿಯಾಳದ ಹೊಸ ಜೋಡಿಯೊಂದು ಉತ್ತರವನ್ನೂ ತಾನೇ ಅರ್ಧ ಬರೆದು ಕಳಿಸಿದೆ. ಕೊಚ್ಚಿಯೋ, ಪುದುಚೇರಿಯೋ, ಎರಡರಲ್ಲಿ ಒಂದು ಹೇಳಿ ಅಂತ.

ಎರಡೂ ಒಳ್ಳೆಯ ಊರುಗಳೇ. ಆದರೆ ಮೂರು ದಿನದ ರಜೆಯಲ್ಲಿ ಹೋಗಿಬರುವ ರೈಲಿಗೇ ಅರ್ಧ ಕೊಟ್ಟು, ಉಳಿದರ್ಧದಲ್ಲಿ ಸುಸ್ತಾಗಿ ಮಲಗುವುದಾದರೆ ಮನೆಯಲ್ಲೇ ಫ್ಯಾನ್ ಹಾಕಿಕೊಂಡು ಮಲಗಬಹುದು. ನನ್ನ ಉತ್ತರ ಕಾರವಾರ.

‘ಕಾರವಾರಕ್ಕಾ? ಡಿಸಿ ಆಫೀಸ್ ಬಿಟ್ರ ಅಲ್ಲೇನೈತ್ರಿ?’ ಅನ್ನುವುದು ಈಗಲೇ ಕಿವಿಗೆ ಬಿತ್ತು. ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದವರಿಗೆ ಕಾರವಾರ ಎಂದರೆ ಊರಲ್ಲ, ಕೆಲಸ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನ ಕೈಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿ, ಕಾರವಾರ ಜಿಲ್ಲೆಯ ಮುಖ್ಯ ಠಾಣೆಯಾದ ಮೇಲೆ ಘಟ್ಟದ ಮೇಲಿನವರು ಅಲ್ಲಿಗೆ ಇಳಿದದ್ದೆಲ್ಲ ಬಗಲಲ್ಲಿ ಕಾಗದ ಇಟ್ಟುಕೊಂಡೇ. ಪಹಣಿ, ವ್ಯಾಜ್ಯ, ವರ್ಗಾವಣೆ, ಪೆನ್ಶನ್ನು. ಬೆಳಗಿನ ಬಸ್ಸಿಗೆ ಇಳಿಯುವುದು, ‘ಸಾಹೇಬ್ರು ಮೀಟಿಂಗ್‌ನಾಗ ಅದಾರ’ ಅನ್ನಿಸಿಕೊಳ್ಳುವುದು, ಊಟ ಮುಗಿಸಿ ಇನ್ನೊಮ್ಮೆ ಇಣುಕುವುದು, ಕೊನೆಯ ಬಸ್ಸಿಗೆ ಓಡುವುದು. ಸಮುದ್ರ ಕೂಗಳತೆಯಲ್ಲಿದ್ದರೂ ಕಾಲು ಒದ್ದೆ ಮಾಡಿಕೊಳ್ಳದೆ ಘಟ್ಟ ಹತ್ತಿದವರು ನಮ್ಮಲ್ಲಿ ಎಷ್ಟು ಜನ! ಹೀಗಾಗಿ ಹೆಂಡತಿಯನ್ನು ಕಾರವಾರಕ್ಕೆ ಕರೆದೊಯ್ಯುತ್ತೇನೆ ಎಂದರೆ ಆಕೆ ಮೊದಲು ಕೇಳುವುದು, ‘ಏನ್ ಕೇಸು?’

ಕೇಸಿಲ್ಲದೆ ಹೋಗಿ ಎನ್ನುವುದೇ ಈ ವಾರದ ಸಲಹೆ. ಹೋಗುವುದು ಹೇಗೆಂಬುದನ್ನು ನಮ್ಮ ಕಾಳಿ ನದಿ ಯಾವತ್ತೋ ಹೇಳಿಟ್ಟಿದೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಸೂಪಾ ಅಣೆಕಟ್ಟಿನಲ್ಲಿ ತಂಗಿ, ದಾಂಡೇಲಿಯ ಕಾಗದದ ಕಾರ್ಖಾನೆ ದಾಟಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಕಟ್ಟೆ ಕಟ್ಟಿಸಿಕೊಂಡು, 184 ಕಿಲೋಮೀಟರ್ ಹರಿದು ಅದು ಸಮುದ್ರ ಸೇರುವುದು ಕಾರವಾರದಲ್ಲಿ. ನೀವು ದಿನಾ ಕುಡಿಯುವ ನೀರು, ಮನೆಗೆ ಬರುವ ಕರೆಂಟು, ಎಲ್ಲ ಅದರದ್ದೇ. ಆ ನದಿ ಕೊನೆಗೆ ಎಲ್ಲಿಗೆ ಹೋಯಿತು ಎಂದು ಒಮ್ಮೆಯಾದರೂ ಹೋಗಿ ನೋಡದಿದ್ದರೆ ಹೇಗೆ?

ದಾಂಡೇಲಿಯಿಂದ ಗಣೇಶಗುಡಿ, ಜೋಯಿಡಾ, ಕುಂಬಾರವಾಡ, ಅಣಶಿ, ಕದ್ರಾ ಮೇಲೆ ಹಾಯ್ದು ಇಳಿಯಿರಿ. ನೂರು ಕಿಲೋಮೀಟರ್ ಆಸುಪಾಸು. ಕಾರಿದ್ದರೂ ಬಿಟ್ಟು ಸರ್ಕಾರಿ ಬಸ್ಸಿಗೇ ಹೋಗಿ ಎಂದು ನಾನು ಹೇಳುತ್ತೇನೆ ಎಂಬುದು ಈ ಅಂಕಣದ ಹಳೇ ಓದುಗರಿಗೆ ಗೊತ್ತೇ ಇದೆ. ಅವರು ಈ ಸಾಲು ಹಾರಿಸಬಹುದು. ಹೊಸಬರಿಗೆ ಕಾರಣ ಇಷ್ಟೇ: ಅಣಶಿ ಘಟ್ಟದಲ್ಲಿ ಗಾಡಿ ಓಡಿಸುವವನಿಗೆ ಕಾಣುವುದು ಮುಂದಿನ ತಿರುವು ಮಾತ್ರ, ಪಕ್ಕದಲ್ಲಿ ಕೂತವಳಿಗೆ ಕಾಣುವುದು ಅವನ ಗಂಟು ಹಾಕಿದ ಹುಬ್ಬು. ಬಸ್ಸಿನಲ್ಲಿ ಇಬ್ಬರಿಗೂ ಕಾಡು ಕಾಣುತ್ತದೆ, ನಿದ್ದೆ ಬಂದರೆ ಭುಜವೂ ಸಿಗುತ್ತದೆ. ಹುಲಿ ಸಂರಕ್ಷಿತ ಪ್ರದೇಶದ ನಡುವಿನ ದಾರಿ ಇದು, 2015ರಿಂದ ಕಾಳಿಯದೇ ಹೆಸರು ಹೊತ್ತದ್ದು. ಹುಲಿ ಕಾಣುತ್ತದೆಂದು ಯಾರೂ ಆಸೆ ಇಟ್ಟುಕೊಳ್ಳಬೇಡಿ. ಮಂಗ ಕಾಣುತ್ತದೆ. ಮಳೆಗಾಲಕ್ಕೆ ಈ ಪ್ರವಾಸವನ್ನು ಮುಂದೂಡುವವರಿಗೆ ಒಂದು ಮಾತು: 2021ರ ಜುಲೈಯಲ್ಲಿ ಇದೇ ಘಟ್ಟ ಕುಸಿದು ದಾರಿ ಬಂದಾಗಿತ್ತು.

ಇಲ್ಲಿ ಟಿಟಿ ಪಂಥದವರ ಹಳೇ ಬಾಕಿ ಚುಕ್ತಾ ಮಾಡಬೇಕು. ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿದು, ನಸುಕಿನಲ್ಲಿ ಹೊರಟು, ಗೋಕರ್ಣ, ಇಡಗುಂಜಿ, ಮುರ್ಡೇಶ್ವರ ಮೂರನ್ನೂ ಒಂದೇ ದಿನದಲ್ಲಿ ‘ಮಾಡಿ’, ರಾತ್ರಿ ಕತ್ತು ವಾಲಿಸಿಕೊಂಡು ಮರಳುವವರು ಇವರು. ಪುಣ್ಯದ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಅದನ್ನೇ ಜೋಡಿ ಪ್ರವಾಸ ಅನ್ನಬೇಡಿ. ಈಚೆಗೆ ಇವರಿಗೊಬ್ಬ ತಮ್ಮ ಹುಟ್ಟಿದ್ದಾನೆ: ಪ್ಯಾಕೇಜ್ ಪಂಥ. ಬೆಂಗಳೂರಿನ ಜೋಡಿಗಳು ಗಣೇಶಗುಡಿಗೆ ಬಂದು ರಬ್ಬರ್ ದೋಣಿಯಲ್ಲಿ ಕಿರುಚಿ ಹೋಗುತ್ತಾರೆ, ನಮ್ಮ ಜೋಡಿಗಳು ಅಷ್ಟೇ ದುಡ್ಡು ಕೊಟ್ಟು ಗೋವೆಗೆ ಹೋಗಿ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಡಚಿಟ್ಟ ಹಂಸದ ಫೋಟೋ ಹಾಕುತ್ತಾರೆ. ಎರಡು ಹಂಸ, ನಡುವೆ ಗುಲಾಬಿ ಪಕಳೆ. ಮಲಗುವ ಮೊದಲು ಆ ಹಂಸಗಳನ್ನು ಬಿಡಿಸಿ ಮೈ ಒರೆಸಿಕೊಳ್ಳಬೇಕು, ಗುಲಾಬಿ ಗುಡಿಸಬೇಕು. ಆ ಕೆಲಸ ಮನೆಯಲ್ಲಿ ಇರಲಿಲ್ಲವೇ?

ಕಾರವಾರದಲ್ಲಿ ಉಳಿಯುವುದೆಲ್ಲಿ ಎಂಬುದನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಮೇ ತಿಂಗಳ ಸೆಕೆ ಸುಳ್ಳಲ್ಲ, ಕಡಲ ಊರಿನಲ್ಲಿ ಮಧ್ಯಾಹ್ನ ಅಂಗಿ ಬೆನ್ನಿಗೆ ಅಂಟುತ್ತದೆ. ಆದ್ದರಿಂದ ಪಡುವಣ ಕಿಟಕಿ ಇರುವ ಕೋಣೆ ಕೇಳಿ, ಊಟವಾದ ಮೇಲೆ ಬಾಗಿಲು ಹಾಕಿ ಮಲಗಿ, ನಾಲ್ಕರ ನಂತರ ಗಾಳಿ ಬಿದ್ದ ಮೇಲೆ ಹೊರಬೀಳಿ. ಇದಕ್ಕಿಂತ ಹೆಚ್ಚಿನದನ್ನು ಹೇಳಬೇಕಾದದ್ದು ಕೋಣೆಯ ಬಗ್ಗೆ ಅಲ್ಲ, ಒಂದು ಪುಸ್ತಕದ ಬಗ್ಗೆ.

ರವೀಂದ್ರನಾಥ ಟಾಗೋರರ ‘ಜೀವನಸ್ಮೃತಿ’ಯಲ್ಲಿ ಕಾರವಾರದ್ದೊಂದು ಅಧ್ಯಾಯವಿದೆ. ಬಹಳ ಸಣ್ಣದು. ಕಾರವಾರದ ಕಡಲತೀರಕ್ಕೆ ಅವರ ಹೆಸರಿಟ್ಟವರಲ್ಲೂ ಎಲ್ಲರೂ ಅದನ್ನು ಓದಿರಲಾರರು. ಅವರ ಅಣ್ಣ ಸತ್ಯೇಂದ್ರನಾಥ ಟಾಗೋರ್, ಐಸಿಎಸ್ ಪಾಸಾದ ಮೊದಲ ಭಾರತೀಯ, ಆಗ ಕಾರವಾರದಲ್ಲಿ ಜಡ್ಜ್. ಅಂದರೆ ಟಾಗೋರ್ ಮನೆತನವೂ ಕಾರವಾರಕ್ಕೆ ಬಂದದ್ದು ನಮ್ಮ ಹಾಗೇ ಕೋರ್ಟಿನ ನೆಪದಲ್ಲಿ! ಆದರೆ ತಮ್ಮ ಮಾಡಿದ್ದೇ ಬೇರೆ. ಗಾಳಿಮರಗಳ ಸಾಲಿನ ಆ ದಂಡೆಯನ್ನು ಕಂಡು ಮರುಳಾದ. ಒಂದು ಸಂಜೆ ಎಲ್ಲ ಸೇರಿ ಸಣ್ಣ ಹಾಯಿದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೊರಟರು. ದಾರಿಯಲ್ಲಿ ಗುಡ್ಡದ ಮೇಲಿನ ಕೋಟೆಯೊಂದನ್ನು ನೋಡಿದರು. ಇಳಿದು ರೈತನೊಬ್ಬನ ಮನೆಯ ಚೊಕ್ಕಟ ಗುಡಿಸಿದ ಅಂಗಳಕ್ಕೆ ಹೋದರು, ಹೊರಗೋಡೆ ದಾಟಿ ಬೆಳದಿಂಗಳು ಬೀಳುವಲ್ಲಿ ಕೂತು ತಂದ ಬುತ್ತಿ ಬಿಚ್ಚಿ ಉಂಡರು. ಮರಳುವಾಗ ದೋಣಿಯನ್ನು ನದಿಯ ಪಾಡಿಗೆ ಬಿಟ್ಟರು. ಅಳಿವೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಸಮುದ್ರದ ದಾರಿ ಬೇಡವೆಂದು ದೋಣಿ ಇಳಿದು ದಂಡೆಯ ಮರಳಿನ ಮೇಲೆ ನಡೆದೇ ಮನೆಗೆ ಬಂದರು. ಎಲ್ಲರೂ ಮಲಗಿದ ಮೇಲೆ ಕವಿ ಕೂತು ಆ ರಾತ್ರಿಯ ಮೇಲೊಂದು ಕವಿತೆ ಬರೆದ.

ಜೋಡಿ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಪಟ್ಟಿಯನ್ನು ನಾನು ಯಾವ ಏಜೆನ್ಸಿಯ ಹಾಳೆಯಲ್ಲೂ ಕಂಡಿಲ್ಲ. ಖರ್ಚು: ದೋಣಿ ಬಾಡಿಗೆ. ಊಟ: ಮನೆಯ ಬುತ್ತಿ. ಆ ಕಾರವಾರದ ದಿನಗಳಲ್ಲೇ ಅವರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು. ಮರಳುವ ಹಡಗಿನ ಡೆಕ್ಕಿನಲ್ಲಿ ಕೂತು ಅದಕ್ಕೆ ಹಾಡುಗಳನ್ನೂ ಕಟ್ಟಿದರು. ಲೋಕ ಬಿಟ್ಟ ಸನ್ಯಾಸಿಯೊಬ್ಬ ಒಂದು ಅನಾಥ ಹುಡುಗಿಯ ಮಮತೆಗೆ ಸಿಕ್ಕಿ ಲೋಕಕ್ಕೆ ಮರಳುವ ಕಥೆ ಅದು. ತನ್ನ ಮುಂದಿನ ಬರವಣಿಗೆಗೆಲ್ಲ ಅದೇ ಮುನ್ನುಡಿ ಎಂದು ಕವಿಯೇ ಹೇಳಿಕೊಂಡಿದ್ದಾರೆ. ಊರಿಗೆ ಹೋದವರೇ 1883ರ ಡಿಸೆಂಬರಿನಲ್ಲಿ ಮದುವೆಯಾದರು, ಆಗ ವಯಸ್ಸು 22. ಕಾರವಾರದ ಗಾಳಿಯಿಂದಲೇ ಮದುವೆಯಾದದ್ದು ಎಂದು ವಾದಿಸಲು ನನ್ನ ಬಳಿ ಪುರಾವೆ ಇಲ್ಲ, ವಾದಿಸುವ ಆಸೆ ಮಾತ್ರ ಇದೆ.

ಒಂದು ತಕರಾರು. ಅವರು ಆ ಕೋಟೆಯನ್ನು ಶಿವಾಜಿಯದು ಎಂದು ಬರೆದರು. ನದಿಯ ಬಾಯಲ್ಲಿ ಇವತ್ತು ನಾವು ಹತ್ತುವ ಸದಾಶಿವಗಡ ಸೋಂದೆ ಅರಸರದ್ದು. 18ನೇ ಶತಮಾನದ ಮೊದಲ ಭಾಗದಲ್ಲಿ ಬಸವಲಿಂಗ ತನ್ನ ತಂದೆ ಸದಾಶಿವನ ಹೆಸರಿನಲ್ಲಿ ಕಟ್ಟಿಸಿದ್ದು. ಶಿವಾಜಿ ಬಂದದ್ದೂ ನಿಜ. 1665ರಲ್ಲಿ ಕಾರವಾರದ ಮುಂದೆ ಬೀಡುಬಿಟ್ಟಾಗ ಇಲ್ಲಿನ ಇಂಗ್ಲಿಷ್ ಕೋಠಿಯವರೂ ವಂತಿಗೆ ಕೊಟ್ಟು ಪಾರಾದರು. ಆ ಇಂಗ್ಲಿಷರು 1638ರಿಂದಲೇ ಇಲ್ಲಿ ಕೂತದ್ದು ಯಾತಕ್ಕೆ? ಮೆಣಸಿಗೆ, ಹುಬ್ಬಳ್ಳಿ ಕಡೆಯ ನೇಕಾರರ ನವಿರು ಬಟ್ಟೆಗೆ. ಎಲ್ಲ ಘಟ್ಟ ಇಳಿದು ಹೋದದ್ದೇ. ಮಾಲು ಹೇರಿದ ಎತ್ತುಗಳು ಇಳಿಯುತ್ತಿದ್ದ ಬಂದರಿಗೆ ನಾವು ಅರ್ಜಿ ಹೊತ್ತು ಇಳಿಯುವಂತಾಯಿತು.

ಕೋಟೆಯಲ್ಲಿ ನೋಡಲು ಹೆಚ್ಚೇನೂ ಉಳಿದಿಲ್ಲ, ಗುಡ್ಡವನ್ನೇ ಸೀಳಿ ಹೆದ್ದಾರಿ ಹೋಗಿದೆ. ಆದರೆ ಸಂಜೆ ಅಲ್ಲಿಗೆ ಹತ್ತಿ. ಬಲಕ್ಕೆ ದೇವಬಾಗದ ಗಾಳಿಮರ, ಎಡಕ್ಕೆ ಕೋಡಿಬಾಗ, ನಡುವೆ ನಿಮ್ಮೂರಿನ ನೀರು. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ಇಲ್ಲೇ. ಲಾರಿಯ ಮೇಲೆ ಹತ್ತಿ ನಿಂತ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ದೂರದಲ್ಲಿ ಕೂರ್ಮಗಡ, ದೀಪಸ್ತಂಭದ ದೇವಗಡ. ಇನ್ನೂ ದಕ್ಷಿಣಕ್ಕೆ ಅಂಜದೀವ್, ಈಗ ನೌಕಾಪಡೆಯ ಕೈಯಲ್ಲಿರುವುದರಿಂದ ಹೋಗುವ ಮಾತಿಲ್ಲ. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ಪಡೆಯನ್ನು ಪೋರ್ಚುಗೀಸರು ಒಳಗೆ ಬಿಡದಾಗ ಆ ಪಡೆ ಬಂದು ಕಾದದ್ದು ಆ ದ್ವೀಪದಲ್ಲಿ. ಕಾದೂ ಕಾದೂ 1664ರ ಹೊತ್ತಿಗೆ ಸೇನಾಪತಿ ಶಿಪ್‌ಮನ್ ಸೇರಿ ಹೆಚ್ಚಿನವರು ರೋಗಕ್ಕೆ ತುತ್ತಾದರು. ಸಹಿಗಾಗಿ ಕಾರವಾರದಲ್ಲಿ ಕಾದವರಲ್ಲಿ ನಾವೇ ಮೊದಲಿಗರಲ್ಲ ಎಂದು ಸಮಾಧಾನ ಪಟ್ಟುಕೊಳ್ಳಿ.

ಬೆಳಿಗ್ಗೆ ಮಾತ್ರ ನಿದ್ದೆ ಬಿಟ್ಟು ಮೀನುಪೇಟೆಗೆ ಹೋಗಿ, ಕೊಳ್ಳದಿದ್ದರೂ ಸರಿ. ಬಂಗುಡೆ ಮಾರುವವಳು ಕೇಳುವ ಮೊದಲೇ ಹೆಬ್ಬೆರಳಿನಿಂದ ಕಿವಿರು ಎತ್ತಿ ಕೆಂಪು ತೋರಿಸುತ್ತಾಳೆ. ಆ ಕೆಂಪು ಕಂದಾಗಿದ್ದರೆ ಮುಂದಿನ ಬುಟ್ಟಿಗೆ ನಡೆಯಿರಿ, ಆಕೆ ಬೈದರೆ ಕೊಂಕಣಿಯಲ್ಲಿ ಬೈಯುತ್ತಾಳೆ, ಅರ್ಥವಾಗುವುದಿಲ್ಲ. ತಿಸ್ರೆ ಕಾಳಿಯ ಅಳಿವೆಯದೇ, ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತು ಆಯ್ದದ್ದು. ಮಧ್ಯಾಹ್ನ ಯಾವುದಾದರೂ ಸಣ್ಣ ಖಾನಾವಳಿಯಲ್ಲಿ ತಿಸ್ರೆಯ ಸುಕ್ಕಾ, ತಿರಫಳ ಹಾಕಿದ ಬಂಗುಡೆ ಸಾರು, ಕುಚ್ಚಿಗೆ ಅನ್ನ, ಮೇಲೆ ಒಂದು ಲೋಟ ಸೋಲ್‌ಕಡಿ ಕೇಳಿ. ಮೀನು ತಿನ್ನದ ಸಂಗಾತಿ ಇದ್ದರೆ ಎರಡು ಲೋಟ ಸೋಲ್‌ಕಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಪೇಟೆ ಬಡವಾಗುತ್ತದೆ. ಮೇ ಕೊನೆಗೇ ಸಮುದ್ರ ಒರಟಾಗತೊಡಗುತ್ತದೆ, ಆಗ ನೀರಿಗೆ ಇಳಿಯುವ ಶೌರ್ಯ ಬೇಡ. ರಜೆ ಜೂನಿಗೇ ಮಂಜೂರಾದವರು ಈ ಪುಟ ಮಡಚಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಮುಂಡಗೋಡದವರಿಗೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆಯ ದಾರಿಯೇ ಸಲೀಸು. ಹಳಿಯಾಳದ ಜೋಡಿಯೂ ಮರಳುವಾಗ ಹೀಗೆ ಬರಲಿ, ಏಕೆಂದರೆ ಮೇ ತಿಂಗಳಲ್ಲಿ ಅಂಕೋಲೆಯಲ್ಲಿ ಇಳಿಯದೆ ಮುಂದೆ ಹೋಗುವುದು ಅಪರಾಧ. ಹಾಲಕ್ಕಿ ಹೆಂಗಸರು ಇಶಾಡು ಮಾವಿನ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಇಲ್ಲಿನ ಕರಿ ಇಶಾಡಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ರತ್ನಾಗಿರಿಯ ಆಪೂಸಿನ ಭಜನೆ ಮಾಡುವ ನಮ್ಮ ಪೇಟೆಯವರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕರಿಯದಕ್ಕೆ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಬಿಳಿ ಇಶಾಡಿಗೆ ಸಿಪ್ಪೆ ದಪ್ಪ, ದರವೂ ಕಡಿಮೆ ಇರಬೇಕು. ಹಣ್ಣಾದದ್ದು ಬಹಳ ದಿನ ಇರುವುದಿಲ್ಲ. ಮನೆಯವರಿಗೆ ಅರೆಗಾಯಿ ಕಟ್ಟಿಸಿಕೊಳ್ಳಿ, ಬಸ್ಸಿನ ಕ್ಯಾರಿಯರ್ ಮೇಲೆ ಇಡದೆ ಕಾಲ ಬುಡದಲ್ಲಿ ಇಟ್ಟುಕೊಳ್ಳಿ. ಹಣ್ಣಾದದ್ದನ್ನು ಅಲ್ಲೇ, ಬಸ್ಸು ಬರುವುದರೊಳಗೆ, ಇಬ್ಬರೂ ತಿಂದು ಮುಗಿಸಿ.