ಒಂದು ಋತುವಿನ ಕಡಲು

ಬಂದರು, ಮೀನುಗಾರಿಕಾ ಧಕ್ಕೆ, ವಿದ್ಯುತ್ ಸ್ಥಾವರಗಳನ್ನು ಕಡಲ ದಂಡೆಯಲ್ಲಿ ಕಟ್ಟುವ ಮೊದಲು ಅಲ್ಲಿನ ನೀರು, ಕೆಸರು ಮತ್ತು ಜೀವಿಗಳ ಸ್ಥಿತಿಯನ್ನು ಅಳೆದು ದಾಖಲಿಸುವ ಕೆಲಸವೇ ಸಾಗರ ಪರಿಸರ ಸಮೀಕ್ಷೆ. ಭಾರತದಲ್ಲಿ ಇದಕ್ಕೆ ಆಧಾರವಾಗಿರುವುದು 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಮತ್ತು ಕರಾವಳಿ ನಿಯಂತ್ರಣ ವಲಯದ 2011, 2019ರ ಅಧಿಸೂಚನೆಗಳು. ಸಮೀಕ್ಷೆ ನಡೆಸುವುದು ನಾಬೆಟ್ (ಶಿಕ್ಷಣ ಮತ್ತು ತರಬೇತಿಯ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳು. ಅವುಗಳನ್ನು ಗೊತ್ತುಮಾಡಿ ಹಣ ಕೊಡುವವರು ಯೋಜನೆಯ ಮಾಲೀಕರೇ.

ಕಡಲತಳದ ಜೀವಿಗಳನ್ನು ಎಣಿಸುವ ವಿಧಾನ ಸರಳ, ಆದರೆ ಶ್ರಮದ್ದು. ವ್ಯಾನ್ ವೀನ್ ಗ್ರ್ಯಾಬ್ ಎಂಬ ಎರಡು ದವಡೆಯ ಲೋಹದ ಉಪಕರಣವನ್ನು ಹಗ್ಗ ಕಟ್ಟಿ ದೋಣಿಯಿಂದ ಇಳಿಸುತ್ತಾರೆ. ತಳ ಮುಟ್ಟಿದೊಡನೆ ಕೊಕ್ಕೆ ಕಳಚುತ್ತದೆ, ಹಗ್ಗ ಎಳೆದಾಗ ದವಡೆ ಮುಚ್ಚಿ ಕೆಸರು ತುಂಬಿಕೊಳ್ಳುತ್ತದೆ. ದವಡೆಯ ನಡುವೆ ಒಂದು ಚಿಪ್ಪು ಸಿಕ್ಕಿಕೊಂಡರೂ ಮೇಲೆ ಬರುವಷ್ಟರಲ್ಲಿ ಅರ್ಧ ಕೆಸರು ತೊಳೆದುಹೋಗಿರುತ್ತದೆ. ಆಗ ಆ ಮಾದರಿಯನ್ನು ಚೆಲ್ಲಿ ಮತ್ತೆ ಇಳಿಸಬೇಕು. ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಫಾರ್ಮಲಿನ್ ಮತ್ತು ರೋಸ್ ಬೆಂಗಾಲ್ ಬಣ್ಣ ಬೆರೆಸಿದ ಬಾಟಲಿಗೆ ಹಾಕುತ್ತಾರೆ. ಹಿಡಿದ ಹೊತ್ತಿಗೆ ಜೀವವಿದ್ದ ಹುಳು, ಸಿಗಡಿಮರಿಗಳಿಗೆ ಗುಲಾಬಿ ಬಣ್ಣ ಹತ್ತುತ್ತದೆ, ಖಾಲಿ ಚಿಪ್ಪು ಹಾಗೇ ಉಳಿಯುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೂ ಹೆಕ್ಕಿ ಗುರುತಿಸುವ ದಿನಗಟ್ಟಲೆಯ ಕೆಲಸ. ಈ ಕೆಲಸವನ್ನು ನಿಷ್ಠೆಯಿಂದ ಮಾಡುವ ಕೈಗಳು ನಮ್ಮಲ್ಲಿವೆ. ಕೊರತೆ ಇರುವುದು ಸಮೀಕ್ಷೆಯ ಯೋಜನೆಯಲ್ಲಿ.

ಚಿಕ್ಕ ಗ್ರ್ಯಾಬ್ ಒಮ್ಮೆಗೆ ಹಿಡಿಯುವುದು 0.04 ಚದರ ಮೀಟರ್ ತಳ. ಹತ್ತು ಜಾಗಗಳಲ್ಲಿ ಮೂರು ಮೂರು ಸಲ ಇಳಿಸಿದರೆ ಒಟ್ಟು 1.2 ಚದರ ಮೀಟರ್, ಒಬ್ಬರು ಮಲಗುವ ಚಾಪೆಗಿಂತ ಕಡಿಮೆ. ವರದಿಯಾದರೋ ಯೋಜನಾ ಸ್ಥಳದ ಸುತ್ತ 10 ಕಿ.ಮೀ. ತ್ರಿಜ್ಯದ ಪ್ರದೇಶದ ಬಗ್ಗೆ ಮಾತಾಡುತ್ತದೆ. ಅದರ ಅರ್ಧ ನೀರೆಂದುಕೊಂಡರೂ ಸುಮಾರು 157 ಚದರ ಕಿಲೋಮೀಟರ್. ಮಾದರಿ ಚಿಕ್ಕದಿರುವುದು ತಪ್ಪಲ್ಲ, ವಿಜ್ಞಾನ ನಡೆಯುವುದೇ ಹಾಗೆ. ಆದರೆ ಚಿಕ್ಕ ಮಾದರಿಗೆ ಬೆಲೆ ಬರಬೇಕಾದರೆ ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಬೇಕು, ಯೋಜನೆಯ ಪ್ರಭಾವ ತಟ್ಟದ ದೂರದ ಜಾಗಗಳನ್ನೂ ಜೊತೆಗೆ ಅಳೆಯಬೇಕು. ಹೋಲಿಕೆಯ ಆ ಜಾಗಗಳಿಲ್ಲದಿದ್ದರೆ ನಾಳೆ ಹುಳುಗಳು ಕಡಿಮೆಯಾದಾಗ ಅದು ಹೂಳೆತ್ತಿದ್ದರಿಂದಲೋ ಆ ವರ್ಷದ ಮಳೆಯಿಂದಲೋ ಹೇಳಲಾಗುವುದಿಲ್ಲ.

ಮಳೆಯ ವಿಷಯದಲ್ಲೇ ಈ ಪದ್ಧತಿಯ ಅತಿ ದೊಡ್ಡ ದೋಷವಿದೆ. ಕರಾವಳಿ ಅಧಿಸೂಚನೆ ಬಹುಪಾಲು ಯೋಜನೆಗಳಿಗೆ ಕೇಳುವುದು ತ್ವರಿತ ಮೌಲ್ಯಮಾಪನ. ರೂಢಿಯಲ್ಲಿ ಅದರ ಅರ್ಥ ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿಅಂಶ. ಸಮಗ್ರ ಮೌಲ್ಯಮಾಪನ ಬೇಕಾಗುವುದು ಕಡಿಮೆ ಮತ್ತು ಮಧ್ಯಮ ಕೊರೆತವಿರುವ ದಂಡೆಗಳಲ್ಲಿ ಮಾತ್ರ. ಪಶ್ಚಿಮ ಕರಾವಳಿಗೆ ಇದಕ್ಕಿಂತ ಹೊಂದದ ನಿಯಮ ಇನ್ನೊಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಳದ ತಂಪು ನೀರು ದಂಡೆಯತ್ತ ಏರಿ ಬರುತ್ತದೆ. ಅದು ಪೋಷಕಾಂಶ ತರುತ್ತದೆ, ಜೊತೆಗೆ ಆಮ್ಲಜನಕದ ಅಭಾವವನ್ನೂ ತರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1997ರಿಂದ ಕಾಂಡೋಲಿಮ್ ಬಳಿಯ ಕಡಲಿನಲ್ಲಿ ಒಂದೇ ಜಾಗಕ್ಕೆ ಹೋಗಿ ಅಳೆಯುತ್ತ ಬಂದಿದೆ. ಮಳೆಗಾಲದ ಕೊನೆಯಲ್ಲಿ ತಳದ ನೀರಿನ ಆಮ್ಲಜನಕ ಬಹುತೇಕ ಇಲ್ಲವಾಗುವ ಕಾಲವನ್ನು ತೋರಿಸಿಕೊಟ್ಟದ್ದು ಇಂಥ ನಿರಂತರ ಅಳತೆ. ಫೆಬ್ರವರಿಯ ಒಂದು ವಾರದಲ್ಲಿ ದೋಣಿ ಇಳಿಸಿದವರಿಗೆ ಇದೇ ಕಡಲು ಸ್ವಚ್ಛವಾಗಿ, ಆಮ್ಲಜನಕ ತುಂಬಿಕೊಂಡು ಕಾಣುತ್ತದೆ. ಮಳೆಗಾಲದ ಅಲೆಯಲ್ಲಿ ಚಿಕ್ಕ ದೋಣಿ ಇಳಿಸುವುದು ಅಪಾಯ ನಿಜ. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಇಳಿಸಬಹುದಲ್ಲ! ವರ್ಷದ ಕಷ್ಟಕಾಲದಲ್ಲಿ ಏನು ಬದುಕುಳಿದಿದೆ ಎಂದು ಗೊತ್ತಾಗುವುದು ಆಗಲೇ.

ವರದಿಗಳಲ್ಲಿ ಕಣ್ಣಿಗೆ ಬೀಳುವ ಇನ್ನೊಂದು ಅಂಕಿ, ಜಾತಿಗಳೆಷ್ಟು, ಅವು ಎಷ್ಟು ಸಮನಾಗಿ ಹಂಚಿಕೊಂಡಿವೆ ಎಂಬುದನ್ನು ಒಟ್ಟಿಗೆ ಹೇಳುವ ಶಾನನ್ ವೈವಿಧ್ಯ ಸೂಚ್ಯಂಕ. ಎರಡು ಜಾಗಗಳಲ್ಲಿ ಐದೈದು ಜಾತಿ, ಪ್ರತಿ ಜಾತಿಯವು ಇಪ್ಪತ್ತು ಜೀವಿಗಳು ಸಿಕ್ಕವೆನ್ನೋಣ. ಎರಡಕ್ಕೂ ಸೂಚ್ಯಂಕ 2.32. ಒಂದು ಜಾಗದಲ್ಲಿ ಇರುವುದು ಕೊಳಕು ತಾಳಿಕೊಳ್ಳುವ ಕ್ಯಾಪಿಟೆಲ್ಲಾದಂಥ ಹುಳುಗಳು, ಇನ್ನೊಂದರಲ್ಲಿ ಸ್ವಚ್ಛ ನೀರನ್ನೇ ಬೇಡುವ ಜೀವಿಗಳು ಎಂಬುದು ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಜಾತಿಗಳ ಪೂರ್ಣ ಪಟ್ಟಿ ಕೊಡದೆ ಸೂಚ್ಯಂಕ ಮಾತ್ರ ಮುದ್ರಿಸಿದ ವರದಿಯನ್ನು ಪರಿಶೀಲನಾ ಸಮಿತಿ ಹಿಂದಕ್ಕೆ ಕಳಿಸಬೇಕು.

ಗ್ರ್ಯಾಬ್ ಕೆಸರು, ಮರಳಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಬಂಡೆಯಲ್ಲಿ ಅಲ್ಲ. ಬಂಡೆಯ ದಂಡೆಯನ್ನು ಇಳಿತದ ಹೊತ್ತಿಗೆ ಕಾಲ್ನಡಿಗೆಯಲ್ಲೇ ನೋಡಬೇಕು. ಇಂಥ ದಂಡೆಗೆ ಮುಂಬೈ ಒಂದು ಉದಾಹರಣೆ. ಅಲ್ಲಿನ ಕರಾವಳಿ ರಸ್ತೆಯ ಕಾಮಗಾರಿ 2018ರಲ್ಲಿ ಆರಂಭವಾಗಿತ್ತು. ಹಾಜಿ ಅಲಿ, ವರ್ಲಿ ಬಳಿಯ ಹವಳಗಳನ್ನು ಬೇರೆಡೆ ಸಾಗಿಸಿದ್ದು 2020ರಲ್ಲಿ. ಹವಳ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಜೀವಿ, ಹುಲಿಗಿರುವಷ್ಟೇ ರಕ್ಷಣೆ ಅದಕ್ಕೂ ಇದೆ. ಅದನ್ನು ಏನು ಮಾಡಬೇಕೆಂಬುದು ಮೊದಲ ಕಲ್ಲು ಬೀಳುವ ಮುನ್ನವೇ ತೀರ್ಮಾನವಾಗಬೇಕಿತ್ತು. ನಾಬೆಟ್ ವ್ಯವಸ್ಥೆಯಲ್ಲಿ ಕಾಡಿಗೂ ಕಡಲಿಗೂ ಸೇರಿ ಪರಿಸರ ಮತ್ತು ಜೀವವೈವಿಧ್ಯ ಎಂಬ ಒಂದೇ ತಜ್ಞ ವಿಭಾಗ ಇರುವುದೂ ಇಂಥ ಕಡೆ ಅಡ್ಡಿಯಾಗುತ್ತದೆ.

ಒಳ್ಳೆಯ ಸಮೀಕ್ಷೆಗೆ ದೂರ ಹೋಗಬೇಕಿಲ್ಲ. ಕುಮಟಾ ಬಳಿ ಕಡಲು ಸೇರುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿದಾಗ ಬೆಳಚು, ಕಲ್ವಗಳ ಜಾತಿಗಳನ್ನು ಮಾತ್ರವಲ್ಲ, ಇಳಿತದಲ್ಲಿ ನೀರಿಗಿಳಿದು ಅವನ್ನು ಹೆಕ್ಕುವವರ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಯಾವ ದಿಬ್ಬದಲ್ಲಿ ಯಾವ ಬೆಳಚು, ಮಳೆಯ ಸಿಹಿನೀರು ಬಂದಾಗ ಯಾವುದು ಸಾಯುತ್ತದೆ ಎಂಬುದು ಹೆಕ್ಕುವವರಿಗೆ ಗೊತ್ತು. ಆ ತಿಳಿವಳಿಕೆ ಗ್ರ್ಯಾಬ್ ಎಲ್ಲಿ ಇಳಿಸಬೇಕೆಂದು ಹೇಳುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು.

ಕಾನೂನಿನ ಪ್ರಕಾರ ಸಾರ್ವಜನಿಕ ಅಹವಾಲಿಗೆ ಮುನ್ನ ಸ್ಥಳೀಯ ಭಾಷೆಯಲ್ಲಿ ಸಿಗಬೇಕಾದದ್ದು ವರದಿಯ ಸಾರಾಂಶ ಮಾತ್ರ. ಜಾತಿಗಳ ಪಟ್ಟಿ, ಮಾದರಿ ತೆಗೆದ ದಿನಾಂಕ, ಜಾಗದ ನಕ್ಷೆ ಇರುವುದು ಇಂಗ್ಲಿಷ್ ಸಂಪುಟದ ಒಳಪುಟಗಳಲ್ಲಿ. ಹೊನ್ನಾವರದ ಮೀನುಗಾರ ಪ್ರಶ್ನಿಸಬೇಕಾದದ್ದು ಆ ಪುಟಗಳನ್ನೇ. ಅವು ಕನ್ನಡದಲ್ಲಿ ಬರಬೇಕು. ಸಲಹಾ ಸಂಸ್ಥೆಯ ಶುಲ್ಕ ಮಾಲೀಕರ ಕೈಯಿಂದ ನೇರ ಬಾರದೆ ಸ್ವತಂತ್ರ ನಿಧಿಯೊಂದರ ಮೂಲಕ ಬರಬೇಕು. ಅನುಮತಿ ಸಿಕ್ಕ ಮೇಲೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಪಾಲನಾ ವರದಿ ಸಲ್ಲಿಸಬೇಕೆಂಬ ನಿಯಮ ಈಗಲೇ ಇದೆ. ಮೊದಲ ಸಮೀಕ್ಷೆಯ ಅದೇ ಜಾಗಗಳಲ್ಲಿ, ಅದೇ ಜರಡಿಯಲ್ಲಿ ತೊಳೆದ ಕೆಸರಿನ ಎಣಿಕೆಯನ್ನು ಆ ವರದಿಗಳಿಗೆ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಅನುಮತಿ ಪತ್ರದಲ್ಲಿ ಒಂದು ಷರತ್ತು ಬರೆದರೆ ಸಾಕು.